ಅತ್ತಿಗೆ ಅಮ್ಮನಿಗೆ ಕೇಳಿದ ಪ್ರಶ್ನೆ

ನನ್ನ ಅತ್ತಿಗೆ ಸುಪ್ರೀತಾಳಿಗೆ ಒಂದು ಕೆಟ್ಟ ಚಾಳಿಯಿದೆ. ಯಾವ ಮಗುವನ್ನು ಕಂಡರೂ ಅವಳ ಕಣ್ಣು ಮೊದಲು ಹೋಗುವುದು ಅದರ ಮೂಗಿನ ಕೆಳಗೆ. ಮದುವೆಮನೆಯಲ್ಲಿ ಎಲ್ಲರೂ ಕೂಸಿನ ಕೆನ್ನೆ ಹಿಂಡಿ, ಮುದ್ದು ಮಾಡಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದರೆ ಇವಳು ಮೂಗಿಗೂ ಮೇಲ್ತುಟಿಗೂ ನಡುವಿನ ಆ ಸಣ್ಣ ಗುಳಿಯನ್ನೇ ದಿಟ್ಟಿಸುತ್ತ ನಿಂತುಬಿಡುತ್ತಾಳೆ. ಬಸ್ಸಿನಲ್ಲೂ ಅದೇ, ದೇವಸ್ಥಾನದ ಊಟದ ಪಂಕ್ತಿಯಲ್ಲೂ ಅದೇ. ಒಮ್ಮೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ, "ಎಂತ ಮಾರಾಯ್ತಿ, ನನ್ನ ಮಗುವಿಗೆ ದೃಷ್ಟಿ ಹಾಕ್ತೀಯಾ?" ಎಂದು ಬೊಬ್ಬೆ ಹಾಕಿ, ಸೆರಗಿನಲ್ಲಿ ಮಗುವಿನ ಮುಖ ಮುಚ್ಚಿಕೊಂಡು ಆಚೆ ಹೋದಳು. ನಾನು ಪಕ್ಕದಲ್ಲೇ ಇದ್ದೆ. ನನಗೆ ಎಲ್ಲಿಯಾದರೂ ಅಡಗಿಕೊಂಡರೆ ಸಾಕು ಅನ್ನಿಸಿತ್ತು.

ಅವಳ ವೃತ್ತಿಯೇ ಅದು, ಏನು ಮಾಡುವುದು? ಬಸುರಿಯ ಹೊಟ್ಟೆಗೆ ಹೋದ ಮದ್ಯ ಒಳಗಿರುವ ಮಗುವಿಗೆ ಏನು ಮಾಡುತ್ತದೆ ಎಂಬುದರ ಬಗ್ಗೆ ಮಂಗಳೂರಿನ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಆ ಗುಳಿ ಮಾಸಿ ಚಪ್ಪಟೆಯಾಗಿದ್ದರೆ, ಮೇಲ್ತುಟಿ ತೀರಾ ತೆಳ್ಳಗಿದ್ದರೆ, ಕಣ್ಣಿನ ಸೀಳು ಗಿಡ್ಡವಾಗಿದ್ದರೆ ಅವಳಿಗೆ ಸಂಶಯ ಬರುತ್ತದೆ. "ಸಂಶಯ ಮಾತ್ರ ವಿಜೇತಾ. ಮುಖ ನೋಡಿ ತೀರ್ಪು ಕೊಡ್ಲಿಕ್ಕೆ ಆಗುದಿಲ್ಲ" ಎಂದು ನನಗೆ ಸಾವಿರ ಸಲ ಹೇಳಿದ್ದಾಳೆ. ಸಂಶಯವೇ ಸಾಕಲ್ಲ, ಮನೆ ಹಾಳು ಮಾಡಲಿಕ್ಕೆ ಎಂದು ನಾನೂ ಅಷ್ಟೇ ಸಲ ಹೇಳಿದ್ದೇನೆ.

ನಾನು ವಿಜೇತಾ. ಅವಳ ಗಂಡ ಉಜ್ವಲ್ ನನ್ನ ಅಣ್ಣ. ತವರು ಶಿರ್ತಾಡಿ, ಮದುವೆ ಮಾಡಿ ಕೊಟ್ಟದ್ದು ಮಾಣಿ ಎಂಬ ಊರಿಗೆ. ಅಲ್ಲಿ ಹೆದ್ದಾರಿಯ ಬದಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿಯಿದೆ. ನನಗೂ ಅತ್ತಿಗೆಗೂ ಒಂದೇ ವಯಸ್ಸು. ಹಾಗಾಗಿ ನಮ್ಮ ಮಾತೆಲ್ಲ ಏಕವಚನದಲ್ಲೇ, ಜಗಳ ಕೂಡ. ಅವಳ ಮೇಲೆ ನನಗೆ ಮೊದಲ ಸಿಟ್ಟು ಬಂದದ್ದು ಅವಳ ಮದುವೆಯ ದಿನವೇ. ಆಶೀರ್ವಾದ ಮಾಡಲು ಮನೆಯವರೆಲ್ಲ ಸಾಲಾಗಿ ಬಂದಾಗ ನನ್ನ ತಮ್ಮ ರಂಜಿತ್ ಹಲ್ಲು ಕಿರಿಯುತ್ತ ಅವಳ ಎದುರು ನಿಂತ. ಮದುಮಗಳು ನಗಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಎಚ್ಚರವಾದವಳಂತೆ ತಲೆ ತಗ್ಗಿಸಿದಳು. ನನಗೆ ಅವಳ ಕೆಲಸ ಏನೆಂದು ಆಗ ಅರ್ಧ ಮಾತ್ರ ಗೊತ್ತಿತ್ತು. ಆದರೂ ನನ್ನ ತಮ್ಮನನ್ನು ಹಾಗೆ ನೋಡಿದ್ದು ನನಗೆ ಸೇರಲಿಲ್ಲ.

ಸುಪ್ರೀತಾ ಬೆಳ್ತಂಗಡಿ ಕಡೆಯವಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿದಾಗ ಅವಳ ಮನೆಯವರು ಬಿ.ಎಡ್. ಮಾಡು, ಹೈಸ್ಕೂಲಿನಲ್ಲಿ ಟೀಚರ್ ಆಗು, ಸಂಜೆ ಮನೆಗೆ ಬಾ ಎಂದರು. ಇವಳು ಇಲಿಗಳ ಹಿಂದೆ ಹೋದಳು. ಬಸುರಿ ಇಲಿಗಳಿಗೆ ಅಳತೆಯ ಮದ್ಯ ಕುಡಿಸುವುದು, ಮರಿಗಳು ಹುಟ್ಟಿದ ಮೇಲೆ ಅವುಗಳ ತೂಕ, ಮೆದುಳು, ಅಂಡಾಶಯ ಎಲ್ಲವನ್ನೂ ಪರೀಕ್ಷೆ ಮಾಡುವುದು. ವರ್ಷಗಟ್ಟಲೆ ಅದೇ. ಹಬ್ಬಕ್ಕೆ ಊರಿಗೆ ಬಂದರೂ ಇಲಿಗಳಿಗೆ ಯಾರು ಆಹಾರ ಹಾಕುತ್ತಾರೆ ಎಂಬುದೇ ಚಿಂತೆ. ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳಿಗೆ ಇಲಿ ಡಾಕ್ಟರ್ ಎಂದು ಹೆಸರು ಬಿತ್ತು. ಹೆಸರಿಟ್ಟದ್ದು ಮುಂಡಪ್ಪ ಮಾವ, ನನ್ನ ಅಮ್ಮನ ಅಣ್ಣ. "ಇಲ್ಲಿ ಗಂಡಸರಿಗೇ ಒಳ್ಳೆ ಮಾಲು ಸಿಗುದಿಲ್ಲ, ನೀನು ಇಲಿಗೆ ಕುಡಿಸ್ತಿಯಲ್ಲ ಮಾರಾಯ್ತಿ" ಎಂದು ಮಾವ ನಕ್ಕರೆ ಮನೆಯೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು.

ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ಆ ಮರಿಗಳ ಕಥೆ ಹೇಳಿದಳು. ಕುಡಿಸಿದ ತಾಯಿಯ ಹೆಣ್ಣುಮರಿಗಳಿಗೆ ದೊಡ್ಡದಾದ ಮೇಲೆ ಗರ್ಭ ನಿಲ್ಲುವುದು ಕಷ್ಟ. ಅಜ್ಜಿಗೆ ಬಿದ್ದ ಪೆಟ್ಟು ಮೊಮ್ಮಕ್ಕಳವರೆಗೆ ಹೋಗುತ್ತದಂತೆ. ಗಂಡುಮರಿಗಳನ್ನು ತಿರುವುಗಳಿರುವ ಪೆಟ್ಟಿಗೆಯೊಳಗೆ ಬಿಟ್ಟರೆ, ಒಮ್ಮೆ ಗೋಡೆಗೆ ಢಿಕ್ಕಿ ಹೊಡೆದದ್ದು ಮತ್ತೆ ಅದೇ ಗೋಡೆಗೇ ಹೋಗುತ್ತದಂತೆ. "ಅದು ಸೋಮಾರಿ ಅಲ್ಲ ವಿಜೇತಾ. ಬೇರೆ ಮರಿಗಳಿಗಿಂತ ಜಾಸ್ತಿ ಓಡ್ತದೆ. ಆದ್ರೆ ನಿನ್ನೆ ಬಿದ್ದ ಪೆಟ್ಟು ಇವತ್ತು ನೆನಪಿಗೆ ಬರುದಿಲ್ಲ, ಪಾಪ." ಅಮ್ಮ ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದಳು.

ಇಲಿಗಳಿಂದ ಮನುಷ್ಯರ ಕಡೆಗೆ ಬಂದಾಗ ರಗಳೆ ಶುರುವಾಯಿತು. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಹಳ್ಳಿಗಳಲ್ಲಿ, ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಹುಡುಕಿ, ಅವರ ತಾಯಂದಿರನ್ನು ಮಾತಾಡಿಸುವ ಕೆಲಸ. ಮೊದಲಿಗೆ ಅವಳು ಪುಸ್ತಕದ ಕನ್ನಡದಲ್ಲಿ, "ಗರ್ಭಿಣಿಯಾಗಿದ್ದಾಗ ಮದ್ಯಪಾನ ಮಾಡಿದ್ದೀರಾ?" ಎಂದು ಕೇಳುತ್ತಿದ್ದಳು. ಚಪ್ಪಲಿ ತೋರಿಸಿದವರಿದ್ದಾರೆ! ಬೆಳ್ತಂಗಡಿಯ ಆಚೆ ಒಂದು ಕಡೆ ನಾಲ್ಕು ಗಂಡಸರು ಸೇರಿ, ನಮ್ಮ ಹೆಂಗಸರಿಗೆ ಕುಡುಕಿಯರು ಅಂತ ಹೆಸರು ತರಲಿಕ್ಕೆ ಬಂದದ್ದಾ ಎಂದು ಅವಳ ಜೀಪಿನ ಚಕ್ರದ ಗಾಳಿ ತೆಗೆದರು. ಅಣ್ಣ ಹೋಗಿ ಕರೆದುಕೊಂಡು ಬರಬೇಕಾಯಿತು. ಇನ್ನಾದರೂ ಬಿಡುತ್ತಾಳೆ ಅಂದುಕೊಂಡೆವು. ಬಿಡುವ ಜಾತಿಯಲ್ಲ ಅವಳು.

ಅವಳು ಬೀಡಿ ಕಟ್ಟುವ ಹೆಂಗಸರ ಜಗಲಿಯಲ್ಲಿ ಹೋಗಿ ಕೂತಳು. ಎಲೆ ಕತ್ತರಿಸಲು ಕಲಿತಳು, ಸುರುಳಿ ಸುತ್ತಲು ಕಲಿತಳು. ಅವಳು ಕಟ್ಟಿದ ಬೀಡಿ ನೋಡಿ ಅವರು ಬಿದ್ದು ಬಿದ್ದು ನಕ್ಕರಂತೆ. ಆ ನಗುವಿನ ನಡುವೆ ಅವಳು ಪ್ರಶ್ನೆಯನ್ನು ಬದಲಾಯಿಸಿದಳು. "ಬಸುರಿ ಇರುವಾಗ ವಾಂತಿ, ಸಂಕಟ ಆದ್ರೆ ಮನೆಯ ಹಿರಿಯರು ಎಂತ ಕೊಡ್ತಿದ್ರು?" ಇದಕ್ಕೆ ಯಾರೂ ಸಿಟ್ಟಾಗಲಿಲ್ಲ. ಜೀರಿಗೆ ಕಷಾಯ, ಎಳನೀರು ಎಂದು ಹೇಳುತ್ತ ಹೇಳುತ್ತ ಕೆಲವರು ಕಳ್ಳಿನ ಮಾತು ತೆಗೆದರು. ಮರದಿಂದ ಇಳಿಸಿದ ಕಳ್ಳು ಹೊಟ್ಟೆಗೆ ತಂಪು, ಮಗು ಬೆಳ್ಳಗೆ ಹುಟ್ಟುತ್ತದೆ ಅಂತ ಅತ್ತೆ ಕೊಡುತ್ತಿದ್ದರು ಎಂದು ಯಾವ ಮುಜುಗರವೂ ಇಲ್ಲದೆ ಹೇಳಿದರು. ಕುಡಿಯುವುದು ಎಂದರೆ ಗಂಡಸರು ಬಾರಿಗೆ ಹೋಗಿ ಮಾಡುವ ಕೆಲಸ. ಇದು ಔಷಧ. ಅತ್ತಿಗೆಯ ಹೆಸರು ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬಂದದ್ದು ಈ ಪ್ರಶ್ನೆಯಿಂದ. ಅವಳು ಹೊರದೇಶಕ್ಕೆ ಹೋಗಿ ಭಾಷಣ ಮಾಡಿ ಬಂದದ್ದೂ ಇದರಿಂದಲೇ. ಊರಿನಲ್ಲಿ ಎಲ್ಲರಿಗೂ ಈಗ ಆ ಪ್ರಶ್ನೆ ಬಾಯಿಪಾಠ.

ಇನ್ನು ನನ್ನ ತಮ್ಮ. ರಂಜಿತ್ ನನಗಿಂತ ತುಂಬ ಚಿಕ್ಕವನು. ಅಮ್ಮ ಇನ್ನು ಮಕ್ಕಳು ಸಾಕು ಎಂದುಕೊಂಡ ಮೇಲೆ ಹುಟ್ಟಿದವನು. ಅವನಷ್ಟು ಒಳ್ಳೆಯ ಹುಡುಗ ಇಡೀ ಶಿರ್ತಾಡಿಯಲ್ಲಿ ಇಲ್ಲ, ಅವನಷ್ಟು ತಲೆಬಿಸಿ ಕೊಟ್ಟವನೂ ಇಲ್ಲ. ಪಂಪ್ ಬಂದ್ ಮಾಡು ಎಂದರೆ ಹೂಂ ಎನ್ನುತ್ತಾನೆ, ತೋಟವೆಲ್ಲ ಕೆರೆಯಾಗುತ್ತದೆ. ಬಸ್ಸಿನಲ್ಲಿ ಯಾರೋ ಒಂದು ಕಾಲ್ ಮಾಡಲಿಕ್ಕುಂಟು ಎಂದು ಫೋನ್ ಕೇಳಿದರೆ ಕೊಟ್ಟು, ತನ್ನ ಸ್ಟಾಪ್ ಬಂದಾಗ ಫೋನಿಲ್ಲದೆ ಇಳಿದು ಬರುತ್ತಾನೆ. ತೋಡಾರಿನಲ್ಲಿ ಯಾರದೋ ಬೈಕ್ ಒಬ್ಬ ಮುದುಕರಿಗೆ ಗುದ್ದಿದಾಗ, ನೀನು ಬಿಟ್ಟದ್ದು ಅಂತ ಹೇಳು ಎಂದು ಗೆಳೆಯರು ಹೇಳಿದರು. ಇವನು ಪೊಲೀಸರ ಎದುರು ಹಾಗೆಯೇ ಹೇಳಿಬಿಟ್ಟ. ಬೈಕ್ ಓಡಿಸಲಿಕ್ಕೇ ಬಾರದವನು!

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮುಂಡಪ್ಪ ಮಾವನ ಮಾತೇ ಕೊನೆಯ ಮಾತು. ಮಾವ ಗಲ್ಫಿನಲ್ಲಿ ಬಹಳ ವರ್ಷ ಹೋಟೆಲು ನೋಡಿಕೊಂಡು ಬಂದವರು. ಒಳ್ಳೆಯವರೇ, ಆದರೆ ಬೆಲ್ಟಿನ ಮೇಲೆ ಭಾರಿ ನಂಬಿಕೆ. "ಇವನಿಗೆ ಗೊತ್ತಾಗುದಿಲ್ಲ ಅಂತ ಅಲ್ಲ. ಬೇಕೂಂತ ಮಾಡ್ತಾನೆ, ಸೋಮಾರಿ" ಎಂದು ಹೊಡೆಯುತ್ತಿದ್ದರು. ಪೆಟ್ಟು ತಿಂದವನು ಸ್ವಲ್ಪ ಹೊತ್ತಿನ ಮೇಲೆ ಅವರಿಗೇ ಚಹಾ ತಂದುಕೊಡುತ್ತಿದ್ದ. ನಾವೂ ಬೈದವರೇ. ನನ್ನ ಬಾಯಿ ಹೇಗೂ ಒಳ್ಳೆಯದಲ್ಲ.

ಈ ವರ್ಷ ಮಳೆಗಾಲಕ್ಕೆ ಮುಂಚೆ ಮಾವ ಅವನಿಗೊಂದು ವೀಸಾ ಮಾಡಿಸಿದರು. ಗಲ್ಫಿನಲ್ಲಿ ಒಂದು ಸೂಪರ್‌ಮಾರ್ಕೆಟಿನ ಗೋದಾಮಿನಲ್ಲಿ ಕೆಲಸ. ಮನೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ಅಮ್ಮನಿಗೂ, ನನಗೂ. ಹೊರಗೆ ಬಿದ್ದರೆ ಬುದ್ಧಿ ಬರುತ್ತದೆ ಎಂದು ಮಾವ, ಬರಲಿ ದೇವರೇ ಎಂದು ಅಮ್ಮ. ಬೇಡ ಎಂದದ್ದು ಅತ್ತಿಗೆ ಒಬ್ಬಳೇ.

"ಮಾವ, ಅವನನ್ನು ಕಳಿಸ್ಬೇಡಿ. ಅಲ್ಲಿಯ ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಯಾರು ಎಂತ ಹೇಳಿದ್ರೂ ಮಾಡ್ತಾನೆ ಅವನು. ಅಲ್ಲಿ ಬಿಡಿಸ್ಲಿಕ್ಕೆ ನಾವಿರುದಿಲ್ಲ."

"ನೀನು ಇಲಿಗಳನ್ನು ನೋಡ್ಕೊ. ಮನುಷ್ಯರನ್ನು ನಾನು ನೋಡ್ತೇನೆ" ಎಂದರು ಮಾವ. ಅಣ್ಣ ಉಜ್ವಲ್ ಎಂದಿನಂತೆ ಬಾಯಿಗೆ ಬೀಗ ಹಾಕಿ ಕೂತಿದ್ದ.

ಆಮೇಲೊಂದು ದಿನ ಮಧ್ಯಾಹ್ನ ಅತ್ತಿಗೆ ಮಾಣಿಗೆ, ನನ್ನ ಅಂಗಡಿಗೆ ಬಂದಳು. ನಾನು ಹೊಲಿಯುತ್ತಿದ್ದ ಬಟ್ಟೆಯ ಮೇಲೆಯೇ ಒಂದು ಫೋಟೋ ಇಟ್ಟಳು. ರಂಜಿತ್ ಒಂದನೇ ಕ್ಲಾಸಿನಲ್ಲಿದ್ದಾಗ ತೆಗೆದದ್ದು. "ನೋಡು" ಎಂದಳು. ನೋಡಿದೆ. ಚಪ್ಪಟೆ ಗುಳಿ, ಗೆರೆಯಂಥ ತುಟಿ, ಗಿಡ್ಡ ಕಣ್ಣು. ಇಷ್ಟು ವರ್ಷ ಅವಳ ಬಾಯಿಂದ ಕೇಳಿ ಕೇಳಿ ನನಗೂ ಕಣ್ಣು ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಅಂದ್ರೆ? ನನ್ನ ಅಮ್ಮ ಕುಡುಕಿ ಅಂತೀಯಾ?"

"ನಾನು ಹಾಗೆ ಹೇಳ್ಲಿಲ್ಲ. ಫೋಟೋ ನೋಡಿ ಯಾವ ಡಾಕ್ಟರೂ ಬರೆದು ಕೊಡುದಿಲ್ಲ. ತಾಯಿ ತಾನೇ ಹೇಳ್ಬೇಕು. ಅಮ್ಮ ಒಂದು ಮಾತು ಹೌದು ಅಂದ್ರೆ ಬೆಂಗಳೂರಿನಲ್ಲಿ ನನ್ನ ಪರಿಚಯದ ಡಾಕ್ಟರ್ ಇದ್ದಾರೆ, ಅವರು ನೋಡ್ತಾರೆ. ಅವರ ಮಾತಿಗೆ ಮಾವ ಬೆಲೆ ಕೊಡ್ತಾರೆ. ಇಲ್ಲದಿದ್ರೆ ರಂಜಿತ್ ಹೋಗ್ತಾನೆ ವಿಜೇತಾ. ಹೋದ್ರೆ ಹೇಗೆ ವಾಪಸ್ ಬರ್ತಾನೆ ಅಂತ ನೆನೆಸಿದ್ರೆ ನನಗೆ ಊಟ ಸೇರುದಿಲ್ಲ."

"ಮದುವೆಯ ದಿನವೇ ನೋಡಿದ್ದಿಯಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಸೊಸೆ ಮಾರಾಯ್ತಿ ನಾನು! ಯಾವ ಬಾಯಲ್ಲಿ ಕೇಳುದು?" ಎಂದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು. ನಾನು ಕರಗಲಿಲ್ಲ. ಅಂಗಡಿಯಿಂದ ಹೊರಗೆ ಹೋಗು ಎಂದೆ.

ಆದರೂ ಮನಸ್ಸು ತಡೆಯದೆ ಅದೇ ವಾರ ನಾನು ಶಿರ್ತಾಡಿಗೆ ಹೋದೆ. ರಂಜಿತನ ಪ್ರಯಾಣಕ್ಕೆ ಇನ್ನು ನಾಲ್ಕೈದು ದಿನ ಇತ್ತಷ್ಟೇ. ಅಮ್ಮ ಅಡುಗೆಮನೆಯಲ್ಲಿ ಬಸಳೆ ಸೋಸುತ್ತಿದ್ದಳು. ಅತ್ತಿಗೆ ಬಂದು ಪಕ್ಕದಲ್ಲಿ ಕೂತು, ತಾನೂ ಒಂದು ಕಟ್ಟು ಎಳೆದುಕೊಂಡಳು. ಬೀಡಿ ಕಟ್ಟುವವರ ಜಗಲಿಯಲ್ಲಿ ಹೀಗೆಯೇ ಕೂರುತ್ತಿದ್ದಳೇನೋ. ನಾನು ಬಾಗಿಲಲ್ಲಿಯೇ ನಿಂತೆ.

"ಅತ್ತೆ, ರಂಜಿತ್ ಹೊಟ್ಟೆಯಲ್ಲಿರುವಾಗ ನಿಮಗೆ ತುಂಬ ವಾಂತಿ ಇತ್ತಂತೆ ಅಲ್ವಾ? ಆಗ ಅಜ್ಜಿ ಎಂತ ಕೊಡ್ತಿದ್ರು?"

ಅಮ್ಮನ ಕೈ ನಿಂತಿತು. ಊರಿಗೆಲ್ಲ ಗೊತ್ತಿದ್ದ ಪ್ರಶ್ನೆ ಅಮ್ಮನಿಗೆ ಗೊತ್ತಿರುವುದಿಲ್ಲವೇ? ಅವಳು ನಿಧಾನವಾಗಿ ತಲೆ ಎತ್ತಿ ಸೊಸೆಯನ್ನು ನೋಡಿದಳು.

"ನನಗೂ ಅದನ್ನೇ ಕೇಳ್ತೀಯಾ?"

"ಅತ್ತೆ, ಅದು ಹಾಗಲ್ಲ…"

"ಊರಿನ ಹೆಂಗಸರ ಮರ್ಯಾದೆ ತೆಗೆದದ್ದು ಸಾಕಾಗ್ಲಿಲ್ಲ ಅಂತ ಈಗ ನನ್ನ ಅಡುಗೆಮನೆಗೆ ಬಂದ್ಯಾ? ನಾನು ಕುಡಿದು ಮಗನನ್ನು ಹಾಳು ಮಾಡಿದೆ ಅಂತ ನಿನ್ನ ಪೇಪರಿನಲ್ಲಿ ಬರೀಬೇಕಾ? ಬರಿ! ಹೆಸರು ಹಾಕಿ ಬರಿ! ಕುಸುಮ, ಶಿರ್ತಾಡಿ ಅಂತ ಬರಿ!"

ಬಸಳೆಯನ್ನೆಲ್ಲ ನೆಲಕ್ಕೆ ಚೆಲ್ಲಿ ಅಮ್ಮ ಎದ್ದಳು. ಬೊಬ್ಬೆ ಕೇಳಿ ಮಾವ ಜಗಲಿಯಿಂದ ಒಳಗೆ ಬಂದರು, ಅಣ್ಣನೂ ಬಂದ. ಮಾವನಿಗೆ ವಿಷಯ ಗೊತ್ತಾದಾಗ ಅವರ ಮುಖ ಕಪ್ಪಾಯಿತು. ನಮ್ಮ ಮನೆಯ ಹೆಣ್ಣಿಗೆ ಕುಡುಕಿ ಪಟ್ಟ ಕಟ್ಟುವವಳು ಈ ಮನೆಯಲ್ಲಿ ಇರುವುದು ಬೇಡ ಎಂದರು. ಅತ್ತಿಗೆ ಅಣ್ಣನ ಕಡೆ ನೋಡಿದಳು. ಅಣ್ಣ ನೆಲ ನೋಡಿದ. ನಾನು ಅಮ್ಮನ ಹತ್ತಿರ ಹೋಗಿ ನಿಂತೆ. ಮತ್ತೆ ಎಲ್ಲಿ ನಿಲ್ಲುವುದು, ಹೆತ್ತವಳನ್ನು ಬಿಟ್ಟು? ಅತ್ತಿಗೆ ಚೆಲ್ಲಿದ ಬಸಳೆಯನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿ, ಕೈ ತೊಳೆದು, ಕೋಣೆಗೆ ಹೋದಳು. ಆಮೇಲೆ ಆ ಮನೆಯಲ್ಲಿ ಅವಳೊಂದಿಗೆ ಯಾರೂ ಮಾತಾಡಲಿಲ್ಲ, ರಂಜಿತ್ ಒಬ್ಬನನ್ನು ಬಿಟ್ಟು.

ಹೊರಡುವ ದಿನ ಬಂತು. ವಿಮಾನ ರಾತ್ರಿಗೆ, ಮನೆಯಿಂದ ಮಧ್ಯಾಹ್ನ ಊಟ ಮಾಡಿ ಹೊರಡುವುದು ಎಂದಾಗಿತ್ತು. ನಮ್ಮ ಕಡೆ ಗಲ್ಫಿಗೆ ಹೋಗುವವನ ಪೆಟ್ಟಿಗೆಯಲ್ಲಿ ಅವನ ಬಟ್ಟೆಗಿಂತ ಊರಿನವರ ಸಾಮಾನೇ ಹೆಚ್ಚು. ಬೆಳಿಗ್ಗೆಯಿಂದ ಜನ ಬಂದರು. ನನ್ನ ಮಗನಿಗೆ ಹಲಸಿನ ಹಪ್ಪಳ, ನನ್ನ ಅಳಿಯನಿಗೆ ಮಿಡಿ ಉಪ್ಪಿನಕಾಯಿ, ಒಣಮೀನು, ಕಷಾಯದ ಪುಡಿ ಎಂದು ಒಬ್ಬೊಬ್ಬರೂ ಒಂದೊಂದು ಕಟ್ಟು ಕೊಟ್ಟರು. ಬೇಡ ಎನ್ನುವ ಹಾಗಿಲ್ಲ. ನಾಳೆ ನಮ್ಮವರು ಅಲ್ಲಿರುವಾಗ ಅವರು ತೆಗೆದುಕೊಂಡು ಹೋಗಬೇಕಲ್ಲ. ರಂಜಿತ್ ಹೊಸ ಶೂ ಹಾಕಿಕೊಂಡು ಒಬ್ಬೊಬ್ಬರ ಕಟ್ಟನ್ನೂ ಖುಷಿಯಿಂದ ತೆಗೆದುಕೊಂಡ. ಇಷ್ಟು ಜನ ಒಟ್ಟಿಗೆ ಅವನನ್ನು ಹೊಗಳಿದ್ದು ಅದೇ ಮೊದಲು.

ಊಟವಾಯಿತು. ಕಾರು ಅಂಗಳಕ್ಕೆ ಬಂದು ನಿಂತಿತು. ಮಾವ ಪೆಟ್ಟಿಗೆಯನ್ನು ಎತ್ತಿ ನೋಡಿ, ಇಷ್ಟು ಭಾರ ಬಿಡುವುದಿಲ್ಲ, ಸ್ವಲ್ಪ ತೆಗೆಯುವ ಎಂದು ಜಗಲಿಯಲ್ಲಿಯೇ ಬಿಚ್ಚಿಸಿದರು. ನಾನು ಒಂದೊಂದು ಕಟ್ಟನ್ನು ತೆಗೆದು ಇದು ಇಂಥವರದ್ದು, ಇದು ಇಂಥವರದ್ದು ಎಂದು ಹೇಳುತ್ತಿದ್ದೆ. ಬಟ್ಟೆಗಳ ಅಡಿಯಲ್ಲಿ ಟೇಪ್ ಸುತ್ತಿದ ಒಂದು ಪ್ಲಾಸ್ಟಿಕ್ ಡಬ್ಬ ಸಿಕ್ಕಿತು. ನನಗೆ ಗೊತ್ತಾಗಲಿಲ್ಲ. ಅಮ್ಮನಿಗೂ ಗೊತ್ತಾಗಲಿಲ್ಲ.

"ಇದು ಯಾರದ್ದು?" ಎಂದರು ಮಾವ.

"ಅದು ಒಬ್ಬರದ್ದು" ಎಂದ ರಂಜಿತ್.

"ಯಾವ ಒಬ್ಬರು?"

"ಬೈಕಿನಲ್ಲಿ ಬಂದಿದ್ರು, ನಿನ್ನೆ. ರಸ್ತೆಯಲ್ಲಿ ಸಿಕ್ಕಿದ್ದು. ಅಲ್ಲಿ ಏರ್‌ಪೋರ್ಟಿಗೆ ಅವರ ಜನ ಬರ್ತಾರಂತೆ, ಕೊಟ್ರೆ ಆಯ್ತಂತೆ."

"ಹೆಸರೆಂತ?"

"ಕೇಳ್ಲಿಲ್ಲ. ಒಳ್ಳೆಯವರು ಮಾವ. ನನ್ನ ಹೆಸರು ಕೇಳಿದ್ರು, ಫೋಟೋ ತೆಗೆದ್ರು."

ಮಾವ ಚಾಕುವಿನಿಂದ ಟೇಪ್ ಕತ್ತರಿಸಿದರು. ಮೇಲೆ ಚಟ್ನಿಪುಡಿ. ಬೆರಳು ಹಾಕಿ ಕೆದಕಿದರು. ಪುಡಿಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಒತ್ತೊತ್ತಾಗಿ ಮಾತ್ರೆಗಳು. ಹೆಸರಿಲ್ಲ, ಚೀಟಿ ಇಲ್ಲ. ಮಾವ ಅಲ್ಲಿಯೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ಹೋಟೆಲಿನಲ್ಲಿ ಹಿಂದೆ ಕೆಲಸಕ್ಕಿದ್ದ ನಮ್ಮ ಕಡೆಯದೇ ಒಬ್ಬ ಹುಡುಗ ಇಂಥದ್ದೇ ಕಟ್ಟು ಹಿಡಿದುಕೊಂಡು ಬಂದು, ವಿಮಾನ ಇಳಿದ ಜಾಗದಿಂದ ನೇರ ಜೈಲಿಗೆ ಹೋದದ್ದನ್ನು ಅವರೇ ನಮಗೆ ಎಷ್ಟೋ ಸಲ ಹೇಳಿದ್ದರು. ಆ ಹುಡುಗನ ಅಮ್ಮ ಇನ್ನೂ ಕಾಯುತ್ತಿದ್ದಾಳೆ.

ಹೆದರಿಕೆ ಸಿಟ್ಟಾಗಲು ಮಾವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದ್ದು ಬಂದವರೇ ರಂಜಿತನ ಕೆನ್ನೆಗೆ ಬಾರಿಸಿದರು. ಇನ್ನೊಂದು ಏಟಿಗೆ ಕೈ ಎತ್ತುವಷ್ಟರಲ್ಲಿ ಅತ್ತಿಗೆ ಒಳಗಿನಿಂದ ಓಡಿ ಬಂದು ನಡುವೆ ನಿಂತಳು.

"ಹೊಡಿಬೇಡಿ ಮಾವ. ಹೊಡೆದ್ರೆ ಗೊತ್ತಾಗುದಾದ್ರೆ ಇಷ್ಟು ವರ್ಷದಲ್ಲಿ ಗೊತ್ತಾಗ್ತಿತ್ತು!"

"ನೀನು ಆಚೆ ಹೋಗು! ಏ ರಂಜಿತ್, ಇದನ್ನು ಸುಡುವ, ಆಯ್ತಾ? ಇನ್ನು ಯಾರ ಕೈಯಿಂದಲೂ ಎಂತದ್ದೂ ತೆಗೊಳ್ಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ಮಾವ."

"ಆಯ್ತು, ಮುಗೀತು. ಪೆಟ್ಟಿಗೆ ಮುಚ್ಚಿ. ಹೊರಡುವ, ಲೇಟಾಯ್ತು."

ಅಣ್ಣ ಪೆಟ್ಟಿಗೆ ಮುಚ್ಚಲು ಬಗ್ಗಿದ. ಆಗ ಅಮ್ಮ ರಂಜಿತನ ಹತ್ತಿರ ಬಂದು, ಕೆಂಪಾದ ಕೆನ್ನೆಯ ಮೇಲೆ ಕೈ ಇಟ್ಟು ಮೆಲ್ಲಗೆ ಕೇಳಿದಳು. "ರಂಜು, ನಾಳೆ ಅಲ್ಲಿ ಬೇರೆ ಯಾರಾದ್ರೂ ಬಂದು, ಇದನ್ನೊಂದು ಅಲ್ಲಿಗೆ ಮುಟ್ಟಿಸು ಅಂದ್ರೆ ಎಂತ ಮಾಡ್ತೀ?"

ಅವನು ಯೋಚನೆ ಮಾಡಿದ. ನಿಜವಾಗಿ ಹುಬ್ಬು ಗಂಟು ಹಾಕಿ ಯೋಚನೆ ಮಾಡಿದ. ನಾವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು.

"ಒಳ್ಳೆಯವರಾದ್ರೆ ತೆಗೊಳ್ತೇನೆ ಅಮ್ಮ" ಎಂದ.

ಅಮ್ಮ ಅವನ ಕೆನ್ನೆ ಬಿಟ್ಟಳು. ಅತ್ತಿಗೆಯ ಕಡೆ ತಿರುಗಿದಳು.

"ಸುಪ್ರೀತಾ, ಮೊನ್ನೆ ಕೇಳಿದ್ದನ್ನು ಈಗ ಕೇಳು."

"ಅತ್ತೆ, ಒಳಗೆ ಹೋಗುವ. ಎಲ್ಲರ ಎದುರು ಬೇಡ."

"ಇಲ್ಲ. ಇಲ್ಲಿಯೇ ಕೇಳು. ನನ್ನ ಅಣ್ಣನ ಎದುರೇ ಕೇಳು."

ಎಷ್ಟು ಊರು, ಎಷ್ಟು ಜಗಲಿ, ಎಷ್ಟು ತಾಯಂದಿರನ್ನು ಅವಳು ಅದನ್ನೇ ಕೇಳಿದ್ದಳೋ. ಅವತ್ತು ಪಿಸುಮಾತಿನಲ್ಲಿ, "ಅತ್ತೆ, ರಂಜಿತ್ ಹೊಟ್ಟೆಯಲ್ಲಿರುವಾಗ ನಿಮಗೆ ಎಂತ ಕೊಡ್ತಿದ್ರು?" ಎಂದಳು.

"ಕಳ್ಳು" ಎಂದಳು ಅಮ್ಮ.

"ಕುಸುಮ, ಬಾಯಿ ಮುಚ್ಚು!" ಎಂದು ಮಾವ ಗದರಿದರು. ಅಮ್ಮ ಅವರ ಕಡೆ ನೋಡಲೂ ಇಲ್ಲ.

"ಮೊದಲಿನ ಎರಡು ಬಸುರಿಗೆ ನಾನು ತವರಿನಲ್ಲಿದ್ದೆ. ಇವನ ಸಲ ನನ್ನ ಅತ್ತೆ ಕಳಿಸ್ಲಿಲ್ಲ, ಮನೆಯಲ್ಲಿ ಕೆಲಸಕ್ಕೆ ಜನ ಇಲ್ಲ ಅಂತ. ಕಳ್ಳು ಇಳಿಸ್ಲಿಕ್ಕೆ ನಮ್ಮ ಮರಕ್ಕೆ ಹತ್ತುತ್ತಿದ್ದ ಲೋಕಯ್ಯ ಮನೆಯ ಪಾಲು ಅಂತ ದಿನಾ ಬೆಳಿಗ್ಗೆ ಒಂದು ತಂಬಿಗೆ ಕಳ್ಳು ಇಟ್ಟು ಹೋಗ್ತಿದ್ದ. ತಂಪು, ಕುಡಿ ಅಂತ ಅತ್ತೆ ಹೇಳಿದ್ರು. ಬೆಳಿಗ್ಗೆ ಇಳಿಸಿದ್ದು ಬೆಲ್ಲದ ನೀರಿನ ಹಾಗೆ ಸಿಹಿ ಇರ್ತದೆ. ಆದ್ರೆ ಬೆಳಿಗ್ಗೆ ನನ್ನ ಬಾಯಿಗೆ ಎಂತದ್ದೂ ಹೋಗ್ತಿರ್ಲಿಲ್ಲ, ಎಲ್ಲ ವಾಂತಿ. ಹಾಗೆ ಮುಚ್ಚಿಟ್ಟು ಸಂಜೆ ಕೆಲಸ ಎಲ್ಲ ಮುಗಿದ ಮೇಲೆ ಕುಡೀತಿದ್ದೆ. ಸಂಜೆಗೆ ಅದು ನೊರೆ ಬಂದು ಹುಳಿ ಆಗ್ತಿತ್ತು. ಕುಡಿದ್ರೆ ಮಂಡೆ ಹಗುರ ಆಗ್ತಿತ್ತು, ಒಳ್ಳೆ ನಿದ್ದೆ ಬರ್ತಿತ್ತು. ನಿದ್ದೆ ಬಂದ್ರೆ ಮಗುವಿಗೆ ಒಳ್ಳೆಯದು ಅಂತ ಮಾಡಿದ್ದೆ. ಕೊನೆಯ ತಿಂಗಳವರೆಗೂ ಕುಡಿದೆ. ತಂಬಿಗೆ ಖಾಲಿ ಮಾಡ್ತಿದ್ದೆ ಸುಪ್ರೀತಾ, ಬಿಡ್ತಿರ್ಲಿಲ್ಲ."

ನನಗೆ ಆ ತಂಬಿಗೆ ಕಣ್ಣಿಗೆ ಕಟ್ಟಿತು. ದೇವರೇ, ನಾನೇ ಎಷ್ಟು ಸಲ ಅದನ್ನು ತೊಳೆದಿಟ್ಟಿರಬಹುದು.

"ನೀನು ಆ ಇಲಿಗಳ ಕಥೆ ಹೇಳಿದ ದಿನವೇ ನನಗೆ ಗೊತ್ತಾಗಿತ್ತು" ಎಂದಳು ಅಮ್ಮ. "ಗೋಡೆಗೆ ಹೋಗಿ ಹೋಗಿ ತಾಗುದು. ನನಗೆ ಇವನೇ ಕಂಡ."

"ಅತ್ತೆ, ಅದು ನಿಮ್ಮ ತಪ್ಪಲ್ಲ" ಎಂದು ಅತ್ತಿಗೆ ಅಮ್ಮನ ಕೈ ಹಿಡಿಯಲು ಹೋದಳು.

ಅಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಅದನ್ನು ನಿನ್ನ ಬೀಡಿ ಕಟ್ಟುವವರಿಗೆ ಹೇಳು. ಅವರಿಗೆ ಸಮಾಧಾನ ಆಗ್ಲಿ. ನನಗೆ ಬೇಡ." ಹಾಗೆ ಹೇಳಿ ಅಲ್ಲಿಯೇ ಗೋಡೆಗೆ ಒರಗಿ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅಮ್ಮ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಅತ್ತಿಗೆಯ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ನೋಡಿದರೆ ನಾನು ಅವಳ ಭುಜ ಹಿಡಿದುಕೊಂಡು ನಿಂತಿದ್ದೆ.

ಅಂಗಳದಿಂದ ಡ್ರೈವರ್ ಹಾರ್ನ್ ಹಾಕಿದ. ಮಾವ ಮೆಟ್ಟಿಲು ಇಳಿದು ಹೋಗಿ ಅವನ ಹತ್ತಿರ ಏನೋ ಹೇಳಿದರು. ಕಾರು ತಿರುಗಿ ಗೇಟು ದಾಟಿ ಹೋಯಿತು. ಮಾವ ಅಲ್ಲಿಯೇ ಬಿಸಿಲಿನಲ್ಲಿ ನಮಗೆ ಬೆನ್ನು ಹಾಕಿ ನಿಂತರು. ಅಣ್ಣ ಮೊದಲ ಬಾರಿಗೆ ಬಾಯಿ ಬಿಟ್ಟು, "ಆ ಡಾಕ್ಟರಿಗೆ ಫೋನ್ ಮಾಡು" ಎಂದು ಹೆಂಡತಿಗೆ ಹೇಳಿದ.

ರಂಜಿತ್ ಕಾರು ಹೋದ ದಿಕ್ಕನ್ನೂ ಅಳುತ್ತಿದ್ದ ಅಮ್ಮನನ್ನೂ ನೋಡಿದ. ಅವನಿಗೆ ಅರ್ಧ ತಿಳಿದಿತ್ತು, ಅರ್ಧ ಇಲ್ಲ.

"ಅತ್ತಿಗೆ, ಕಳ್ಳು ಕುಡಿದ್ರೆ ಎಂತ ಆಗ್ತದೆ?"

ಅತ್ತಿಗೆ ಅವನ ಎದುರು ನಿಂತು, ಒಂದೊಂದೇ ಮಾತಾಗಿ ಹೇಳಿದಳು. "ನೀನು ಹೊಟ್ಟೆಯಲ್ಲಿರುವಾಗ ನಿನ್ನ ಮಂಡೆಗೆ ಒಂದು ಪೆಟ್ಟು ಬಿತ್ತು. ಯಾರಿಗೂ ಕಾಣ್ಲಿಲ್ಲ. ಅದಕ್ಕೆ ನಿನಗೆ ಕೆಲವು ಸಂಗತಿ ನೆನಪಿರುದಿಲ್ಲ. ಕೆಲವು ಗೊತ್ತಾಗುದಿಲ್ಲ."

"ಹಾಗಾದ್ರೆ ನಾನು ಬೇಕೂಂತ ಮಾಡುದಲ್ಲ ಅಲ್ವಾ?"

"ಅಲ್ಲ ರಂಜು. ಯಾವತ್ತೂ ಅಲ್ಲ."

ಅವನ ಮುಖ ಅರಳಿದ್ದನ್ನು ನನಗೆ ನೋಡಲಾಗಲಿಲ್ಲ. "ಮಾವಾ, ಕೇಳಿದ್ರಾ? ನಾನು ಬೇಕೂಂತ ಮಾಡುದಲ್ಲಂತೆ!" ಎಂದು ಅಂಗಳಕ್ಕೆ ಕೇಳುವಂತೆ ಕೂಗಿದ. ಮಾವ ತಿರುಗಲಿಲ್ಲ. ಅವರ ಭುಜ ಮಾತ್ರ ಅಲುಗುತ್ತಿತ್ತು.

ಆಮೇಲೆ ಅವನು ಹೊಸ ಶೂ ಹಾಕಿಕೊಂಡೇ ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಮುಖದಿಂದ ಸೆರಗು ಬಿಡಿಸಿ, ತನ್ನ ಅಂಗೈಯಿಂದ ಕಣ್ಣು ಒರೆಸಿದ.

"ಅಳ್ಬೇಡ ಅಮ್ಮ. ನಿನಗೂ ಗೊತ್ತಾಗ್ಲಿಲ್ಲ ಅಲ್ವಾ? ನನಗೂ ಹಾಗೆಯೇ ಆಗುದು."